ಅರ್ಜಿ ಕಳಿಸಿದ ಮೇಲಿನ ಅಳುಕು: ಅಮೆರಿಕದ ವಿಶ್ವವಿದ್ಯಾಲಯಗಳ ಉತ್ತರಕ್ಕಾಗಿ ಕಾಯುತ್ತಿರುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ಪಿಎಚ್‌.ಡಿ. ಮಾಡಬೇಕೆಂದು ಹೊರಟವರ ಅರ್ಜಿಗಳು ಬಹುಮಟ್ಟಿಗೆ ಡಿಸೆಂಬರ್ 1ರಿಂದ 15ರ ಒಳಗೆ ಹೋಗಿಬಿಡುತ್ತವೆ. ಎಂ.ಎಸ್. ಅರ್ಜಿಗಳಲ್ಲಿಯೂ ಅನೇಕವು ಆಗಲೇ ಹೋಗುತ್ತವೆ, ಉಳಿದವು ಫೆಬ್ರವರಿ, ಮಾರ್ಚ್‌ವರೆಗೆ ಹೋಗುತ್ತಿರುತ್ತವೆ. ಕೊನೆಯ ಉತ್ತರ ಕೈಸೇರುವ ಹೊತ್ತಿಗೆ ಏಪ್ರಿಲ್ ಅರ್ಧ ಕಳೆದಿರುತ್ತದೆ. ಅರ್ಜಿ ಸಿದ್ಧಪಡಿಸುವ ತಿಂಗಳುಗಳಲ್ಲಿ ಏನು ಓದಬೇಕು, ಏಕೆ ಎಂದು ವಿವರಿಸುವ ಉದ್ದೇಶ ಪತ್ರವನ್ನು ತಿದ್ದುವುದು, ಅಂಕಪಟ್ಟಿಗಾಗಿ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಅಲೆಯುವುದು, ಶಿಫಾರಸು ಪತ್ರಕ್ಕಾಗಿ ಅಧ್ಯಾಪಕರಿಗೆ ನೆನಪಿಸುವುದು ಎಂದು ಮನಸ್ಸಿಗೆ ದಿನವೂ ಕೆಲಸವಿರುತ್ತದೆ. ಸಬ್‌ಮಿಟ್ ಒತ್ತಿದ ಮರುದಿನದಿಂದ ಮಾಡುವುದಕ್ಕೆ ಏನೂ ಇರುವುದಿಲ್ಲ. ತೆರವಾದ ಆ ಜಾಗಕ್ಕೆ ಅಳುಕು ಬರುತ್ತದೆ.

ಪ್ರತಿ ವರ್ಷವೂ ವಿದ್ಯಾರ್ಥಿಗಳಿಗೆ ಶಿಫಾರಸು ಪತ್ರ ಬರೆದುಕೊಡುವ ಅಧ್ಯಾಪಕನಾಗಿ ನಾನು ಕಾಣುತ್ತ ಬಂದಿರುವ ಸಂಗತಿ ಒಂದಿದೆ. ನವೆಂಬರ್‌ನಲ್ಲಿ ತನ್ನ ಸಂಶೋಧನೆಯ ಬಗ್ಗೆ ಅರ್ಧ ಗಂಟೆ ನಿರರ್ಗಳವಾಗಿ ಮಾತಾಡಿದ ಹುಡುಗ ಫೆಬ್ರವರಿಯಲ್ಲಿ ಬಂದು "ಸರ್, ನಾನು ಅಪ್ಲೈ ಮಾಡಿದ್ದೇ ತಪ್ಪಾಯ್ತೇನೋ" ಎನ್ನುತ್ತಾನೆ. ಈ ನಡುವೆ ಅವನ ಅಂಕಗಳು ಕಡಿಮೆಯಾಗಿಲ್ಲ, ಅವನ ಪ್ರಾಜೆಕ್ಟ್ ಕೆಟ್ಟಿಲ್ಲ, ಅವನ ಬಗ್ಗೆ ಯಾರೂ ಯಾವ ತೀರ್ಪನ್ನೂ ಕೊಟ್ಟಿಲ್ಲ. ಎರಡು ತಿಂಗಳು ಯಾರೂ ಏನೂ ಹೇಳದೆ ಇದ್ದುದಷ್ಟೇ ಆದದ್ದು. ಆ ಮೌನವನ್ನೇ ಅವನು ಉತ್ತರವೆಂದು ಓದಿಕೊಂಡಿದ್ದಾನೆ. ಮುಂದೆ ಹೇಳುವ ಎಲ್ಲ ಹೆಜ್ಜೆಗಳ ಗುರಿಯೂ ಒಂದೇ: ಮೌನವನ್ನು ಮೌನವಾಗಿಯೇ ನೋಡುವ ಅಭ್ಯಾಸವನ್ನು ಬೆಳೆಸಿಕೊಳ್ಳುವುದು, ಮತ್ತು ಈ ನಾಲ್ಕು ತಿಂಗಳುಗಳಲ್ಲಿ ನಿಮ್ಮ ನಿದ್ದೆ, ಓದು, ಮನೆಯವರೊಡನೆಯ ಮಾತು ಕೆಡದಂತೆ ನೋಡಿಕೊಳ್ಳುವುದು.

ಹೆಜ್ಜೆ 1: ಸುದ್ದಿ ಯಾವಾಗ ಬರಲು ಸಾಧ್ಯ ಎಂಬುದನ್ನು ಬರೆದಿಡಿ

ಜನವರಿಯ ಮೊದಲ ವಾರದಲ್ಲಿಯೇ "ಇನ್ನೂ ಏನೂ ಬಂದಿಲ್ಲ" ಎಂದು ಕಂಗೆಡುವವರಿದ್ದಾರೆ. ಆ ವೇಳೆಗೆ ಬಹುತೇಕ ವಿಭಾಗಗಳಲ್ಲಿ ಅರ್ಜಿಗಳನ್ನು ಯಾರೂ ತೆರೆದೇ ಇರುವುದಿಲ್ಲ. ಕ್ರಿಸ್‌ಮಸ್‌ಗೆ ಒಂದೆರಡು ದಿನ ಮುಂಚಿನಿಂದ ಹೊಸ ವರ್ಷದವರೆಗೆ ಅಲ್ಲಿನ ವಿಶ್ವವಿದ್ಯಾಲಯಗಳ ಕಚೇರಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ. ಜನವರಿಯ ಮೂರನೇ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ಅವರ ಸ್ಮರಣೆಯ ರಜೆ. ಜೀವವಿಜ್ಞಾನ ಮತ್ತು ವೈದ್ಯಕೀಯ ಸಂಶೋಧನೆಯ ಪಿಎಚ್‌.ಡಿ. ಕಾರ್ಯಕ್ರಮಗಳು ಬಹುಶಃ ಎಲ್ಲರಿಗಿಂತ ಮೊದಲು ಸಂದರ್ಶನಕ್ಕೆ ಕರೆಯುತ್ತವೆ. ಇಂಜಿನಿಯರಿಂಗ್, ಗಣಿತ, ಸಮಾಜವಿಜ್ಞಾನ ವಿಭಾಗಗಳ ಉತ್ತರಗಳು ಹೆಚ್ಚಾಗಿ ಜನವರಿಯ ಕೊನೆಯಿಂದ ಮಾರ್ಚ್‌ವರೆಗೆ ಹರಡಿಕೊಂಡಿರುತ್ತವೆ. ಎಂ.ಎಸ್. ಉತ್ತರಗಳು ಏಪ್ರಿಲ್‌ವರೆಗೂ ಎಳೆಯಬಹುದು.

ಆದ್ದರಿಂದ ಒಂದು ಹಾಳೆಯಲ್ಲಿ ನೀವು ಅರ್ಜಿ ಹಾಕಿದ ಪ್ರತಿಯೊಂದು ವಿಭಾಗದ ಹೆಸರು, ಉತ್ತರ ಯಾವ ಅವಧಿಯಲ್ಲಿ ಬರುತ್ತದೆಂದು ಆ ವಿಭಾಗದ ಜಾಲತಾಣದಲ್ಲಿ ಬರೆದಿರುವುದು, ಅಲ್ಲಿನ ಪ್ರವೇಶ ಸಂಯೋಜಕರ ಇಮೇಲ್ ವಿಳಾಸ, ಇಷ್ಟನ್ನು ಬರೆದುಕೊಳ್ಳಿ. ಪ್ರತಿ ಹೆಸರಿನ ಮುಂದೆ ಒಂದು ದಿನಾಂಕವನ್ನು ಕೆಂಪು ಮಸಿಯಲ್ಲಿ ಬರೆಯಿರಿ. ಅದಕ್ಕೂ ಮುಂಚೆ ಏನೂ ಬರದಿದ್ದರೆ ಅದರಿಂದ ಏನನ್ನೂ ತೀರ್ಮಾನಿಸಬಾರದು ಎಂಬ ಗಡುವು ಅದು. ಜಾಲತಾಣದಲ್ಲಿ "ಮಾರ್ಚ್ ಮಧ್ಯದೊಳಗೆ" ಎಂದಿದ್ದರೆ ನಿಮ್ಮ ಗಡುವು ಮಾರ್ಚ್ 31 ಆಗಿರಲಿ. ಅದು ದಾಟಿದ ಮೇಲೆ ಸಂಯೋಜಕರಿಗೆ ವಿನಯದಿಂದ ಎರಡು ಸಾಲಿನ ಪತ್ರ ಬರೆದು ಕೇಳಬಹುದು. ಅದಕ್ಕೂ ಮೊದಲು ಬರೆಯುವ ಪತ್ರದಿಂದ ನಿಮಗೂ ಸಮಾಧಾನವಿಲ್ಲ, ಅವರಿಗೂ ಹೇಳಲು ಏನೂ ಇರುವುದಿಲ್ಲ.

ಹೆಜ್ಜೆ 2: ನಿಮ್ಮ ಅರ್ಜಿಗೆ ಅಲ್ಲಿ ಏನಾಗುತ್ತಿದೆ ಎಂಬುದನ್ನು ತಿಳಿದುಕೊಳ್ಳಿ

ಅಳುಕು ಹೆಚ್ಚುವುದಕ್ಕೆ ಒಂದು ಕಾರಣವೆಂದರೆ, ಅಲ್ಲೊಬ್ಬ ನ್ಯಾಯಾಧೀಶ ಕುಳಿತು ನಿಮ್ಮ ಬುದ್ಧಿಮತ್ತೆಯನ್ನು ತೂಗುತ್ತಿದ್ದಾನೆ ಎಂಬ ಕಲ್ಪನೆ. ನಮ್ಮ ಸಿಇಟಿ ವ್ಯವಸ್ಥೆಯಲ್ಲಿ ಬೆಳೆದವರಿಗೆ ಈ ಕಲ್ಪನೆ ಸಹಜ. ಅಲ್ಲಿ ರ‍್ಯಾಂಕ್ ಬರುತ್ತದೆ, ರ‍್ಯಾಂಕಿಗೆ ತಕ್ಕಂತೆ ಸೀಟು ಬರುತ್ತದೆ, ಸೀಟು ಬಾರದಿದ್ದರೆ ರ‍್ಯಾಂಕು ಸಾಲಲಿಲ್ಲ ಎಂದೇ ಅರ್ಥ. ಅಮೆರಿಕದ ಪಿಎಚ್‌.ಡಿ. ಪ್ರವೇಶ ಈ ಬಗೆಯದಲ್ಲ. ಮೊದಲು ಕಚೇರಿಯ ಸಿಬ್ಬಂದಿ ಅರ್ಜಿಯ ಎಲ್ಲ ಭಾಗಗಳೂ ಬಂದಿವೆಯೇ ಎಂದು ನೋಡುತ್ತಾರೆ. ಆಮೇಲೆ ಅದೇ ವಿಭಾಗದ ಕೆಲವು ಪ್ರಾಧ್ಯಾಪಕರ ಸಮಿತಿ ತಮ್ಮ ಪಾಠ, ಸಂಶೋಧನೆಗಳ ನಡುವೆ ಬಿಡುವು ಮಾಡಿಕೊಂಡು ಅರ್ಜಿಗಳನ್ನು ಓದುತ್ತದೆ. ಈ ವರ್ಷ ಯಾವ ಪ್ರಾಧ್ಯಾಪಕರಿಗೆ ಹೊಸ ವಿದ್ಯಾರ್ಥಿ ಬೇಕು, ಯಾರ ಬಳಿ ಸಂಶೋಧನಾ ಅನುದಾನವಿದೆ, ಯಾರು ಒಂದು ವರ್ಷ ರಜೆಯ ಮೇಲೆ ಹೋಗುತ್ತಿದ್ದಾರೆ, ಬೋಧನಾ ಸಹಾಯಕರ ಹುದ್ದೆಗಳು ಎಷ್ಟಿವೆ ಎಂಬ ಲೆಕ್ಕಗಳೆಲ್ಲ ಅಲ್ಲಿ ಸೇರುತ್ತವೆ. ಇವುಗಳಲ್ಲಿ ಒಂದೂ ನಿಮ್ಮ ಅರ್ಜಿಯಲ್ಲಿ ಬರೆದಿರುವುದಿಲ್ಲ, ಒಂದೂ ನಿಮ್ಮ ಕೈಯಲ್ಲಿಲ್ಲ.

ಇದು ಸಮಾಧಾನಕ್ಕಾಗಿ ಹೇಳುವ ಮಾತಲ್ಲ ಎಂಬುದಕ್ಕೆ 2025ರ ಪ್ರವೇಶ ಋತುವೇ ಸಾಕ್ಷಿ. ಆ ವರ್ಷ ಫೆಬ್ರವರಿ 7ರಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ತಾವು ಕೊಡುವ ಸಂಶೋಧನಾ ಅನುದಾನದ ಜೊತೆಗಿನ ಪರೋಕ್ಷ ವೆಚ್ಚಕ್ಕೆ (ಕಟ್ಟಡ, ವಿದ್ಯುತ್, ಆಡಳಿತದಂಥ ಖರ್ಚಿಗೆ) ಶೇ. 15ರ ಮಿತಿಯನ್ನು ಪ್ರಕಟಿಸಿದವು. ಕ್ರಮವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲಾಯಿತಾದರೂ, ಹಣದ ಅನಿಶ್ಚಿತತೆಗೆ ಹೆದರಿದ ಹಲವು ವಿಶ್ವವಿದ್ಯಾಲಯಗಳು ಪಿಎಚ್‌.ಡಿ. ಪ್ರವೇಶವನ್ನು ಕಡಿತಗೊಳಿಸಿದವು. ಮೆಸಾಚುಸೆಟ್ಸ್‌ನ ಯುಮಾಸ್ ಚಾನ್ ವೈದ್ಯಕೀಯ ಶಾಲೆ ಮಾರ್ಚ್‌ನಲ್ಲಿ, ಆಗಲೇ ಕೊಟ್ಟಿದ್ದ ತಾತ್ಕಾಲಿಕ ಪ್ರವೇಶಗಳನ್ನೇ ಹಿಂದಕ್ಕೆ ಪಡೆಯಿತು. ಜನವರಿಯಲ್ಲಿ ಅರ್ಹರಾಗಿದ್ದ ಆ ವಿದ್ಯಾರ್ಥಿಗಳು ಮಾರ್ಚ್‌ನಲ್ಲಿಯೂ ಅಷ್ಟೇ ಅರ್ಹರಾಗಿದ್ದರು. ಬದಲಾದದ್ದು ಸಂಸ್ಥೆಯ ಹಣದ ಸ್ಥಿತಿ.

ಹಾಗೆಂದು ಅಂಕ, ಶಿಫಾರಸು, ಉದ್ದೇಶ ಪತ್ರಗಳಿಗೆ ಬೆಲೆಯಿಲ್ಲ ಎಂದು ನಾನು ಹೇಳುತ್ತಿಲ್ಲ. ಅವು ಮುಖ್ಯ, ಆದರೆ ಅವುಗಳ ಕೆಲಸ ಡಿಸೆಂಬರ್‌ನಲ್ಲಿಯೇ ಮುಗಿದಿದೆ.

ಹೆಜ್ಜೆ 3: ಅನುಮಾನವನ್ನು ಎರಡು ಕಾಲಮ್‌ಗಳಲ್ಲಿ ಬಿಡಿಸಿ ಬರೆಯಿರಿ

ಈ ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹೆಜ್ಜೆಯನ್ನು ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸುತ್ತೇನೆ. ಮನಸ್ಸಿನಲ್ಲಿ ಸುತ್ತುವ ಅನುಮಾನಕ್ಕೆ ಆದಿ ಅಂತ್ಯಗಳಿರುವುದಿಲ್ಲ. ಬರವಣಿಗೆಗೆ ಇಳಿದ ಕೂಡಲೇ ಅದರಲ್ಲಿ ಸತ್ಯ ಎಷ್ಟು, ನಾವು ಸೇರಿಸಿದ್ದು ಎಷ್ಟು ಎಂಬುದು ಕಣ್ಣಿಗೆ ಬೀಳುತ್ತದೆ.

ನೋಟ್‌ಬುಕ್ಕಿನ ಒಂದು ಪುಟದ ಮಧ್ಯೆ ಗೆರೆ ಎಳೆಯಿರಿ. ಎಡಗಡೆ "ಗೊತ್ತಿರುವುದು" ಎಂದೂ ಬಲಗಡೆ "ಊಹಿಸಿದ್ದು" ಎಂದೂ ಬರೆಯಿರಿ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಜನವರಿಯಲ್ಲಿ ತನ್ನ ಉದ್ದೇಶ ಪತ್ರವನ್ನು ಮತ್ತೆ ತೆರೆದು ಓದಿದಾಗ, ತಾನು ಯಾರ ಜೊತೆ ಕೆಲಸ ಮಾಡಬೇಕೆಂದು ಬರೆದಿದ್ದಳೋ ಆ ಪ್ರಾಧ್ಯಾಪಕರ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿರುವುದನ್ನು ಕಂಡಳು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಬರೆದು ತಂದ ಪುಟ ಹೀಗಿತ್ತು. ಎಡಗಡೆ ಒಂದೇ ಸಾಲು: "ಎರಡನೇ ಪುಟದಲ್ಲಿ ಅವರ ಹೆಸರಿನ ಒಂದು ಅಕ್ಷರ ತಪ್ಪಾಗಿದೆ." ಬಲಗಡೆ ಸಾಲು ಸಾಲಾಗಿ: "ಅವರು ಅದನ್ನು ನೋಡಿದ್ದಾರೆ. ನೋಡಿ ಬೇಸರಪಟ್ಟಿದ್ದಾರೆ. ಇಷ್ಟು ಅಜಾಗರೂಕಳು ಲ್ಯಾಬಿನಲ್ಲಿ ಏನು ಮಾಡಿಯಾಳು ಎಂದುಕೊಂಡಿದ್ದಾರೆ. ಸಮಿತಿಗೆ ಹಾಗೆಯೇ ಹೇಳಿದ್ದಾರೆ. ನಾನು ಯಾವತ್ತೂ ಹೀಗೆಯೇ. ನನಗೆ ಸಂಶೋಧನೆಯ ಯೋಗ್ಯತೆ ಇಲ್ಲ." ಒಂದು ಅಕ್ಷರದಿಂದ ಹೊರಟು ಜೀವನದ ಕುರಿತ ತೀರ್ಪಿನವರೆಗೆ ಆರು ಮೆಟ್ಟಿಲು. ಆರಕ್ಕೆ ಆರೂ ಊಹೆ. ಆ ಪುಟವನ್ನು ನಾವಿಬ್ಬರೂ ಒಂದೊಂದು ಸಾಲಾಗಿ ಓದಿದಾಗ, ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಅವಳೇ ತಲೆ ಅಲ್ಲಾಡಿಸಿದಳು.

ಎರಡು ಕಾಲಮ್‌ಗಳ ಕೆಳಗೆ ಇನ್ನೊಂದು ಸಾಲು ಬೇಕು: "ಈಗ ಮಾಡಬಹುದಾದದ್ದು." ಎಡಗಡೆಯ ಸಂಗತಿ ಅರ್ಜಿಯ ತಿರುಳಿಗೇ ಸಂಬಂಧಿಸಿದ್ದಾದರೆ, ಅಂದರೆ ಬೇರೆಯ ಸೆಮಿಸ್ಟರಿನ ಅಂಕಪಟ್ಟಿಯನ್ನು ಲಗತ್ತಿಸಿದ್ದರೆ ಅಥವಾ ಶಿಫಾರಸು ಪತ್ರಗಳಲ್ಲೊಂದು ತಲುಪಿಯೇ ಇಲ್ಲದಿದ್ದರೆ, ಸಂಯೋಜಕರಿಗೆ ಒಂದು ಸಲ ಸ್ಪಷ್ಟವಾಗಿ ಬರೆಯಿರಿ. ಅಕ್ಷರದೋಷ, ವಾಕ್ಯದ ಒರಟುತನ, ಹೇಳಬೇಕಿದ್ದ ಇನ್ನೊಂದು ಮಾತು ಇಂಥವಾದರೆ ಆ ಸಾಲಿನಲ್ಲಿ "ಏನೂ ಇಲ್ಲ" ಎಂದು ಬರೆದು ಪುಟವನ್ನು ಮುಚ್ಚಿ. ಅದಾದ ಮೇಲೆ ಉದ್ದೇಶ ಪತ್ರದ ಕಡತವನ್ನು ತೆರೆಯಬೇಡಿ. ಸಂದರ್ಶನಕ್ಕೆ ಕರೆ ಬಂದರೆ ಮಾತ್ರ ಅದನ್ನು ಮತ್ತೆ ಓದುವ ಅಗತ್ಯವಿರುತ್ತದೆ.

ಬರೆಯುವುದಕ್ಕೂ ಹೊತ್ತು ಗೊತ್ತುಮಾಡಿಕೊಳ್ಳಿ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಅವರ ಸಂಗಡಿಗರು 1983ರಲ್ಲಿ ಪ್ರಕಟಿಸಿದ ಒಂದು ವಿಧಾನ ಇಂದಿಗೂ ಬಳಕೆಯಲ್ಲಿದೆ: ದಿನದಲ್ಲಿ ಒಂದು ನಿಗದಿತ ಅರ್ಧ ಗಂಟೆಯನ್ನು, ನಿಗದಿತ ಜಾಗದಲ್ಲಿ, ಚಿಂತೆಗೆಂದೇ ಮೀಸಲಿಡುವುದು, ಬೇರೆ ಹೊತ್ತಿನಲ್ಲಿ ಚಿಂತೆ ತಲೆಯೆತ್ತಿದರೆ ಅದನ್ನು ಆ ಅರ್ಧ ಗಂಟೆಗೆ ಮುಂದೂಡುವುದು. ಸಂಜೆ ಆರರಿಂದ ಆರೂವರೆ ಇದಕ್ಕೆ ಒಳ್ಳೆಯ ಹೊತ್ತು. ಮಲಗುವ ಮುಂಚೆ ಬೇಡ, ಮಲಗುವ ಹಾಸಿಗೆಯ ಮೇಲಂತೂ ಬೇಡವೇ ಬೇಡ.

ಹೆಜ್ಜೆ 4: ಇಮೇಲ್ ನೋಡುವುದನ್ನು ಬೆಳಗಿನ ಒಂದು ಹೊತ್ತಿಗೆ ಕಟ್ಟಿಹಾಕಿ

ಭಾರತದಲ್ಲಿ ಕುಳಿತು ಅಮೆರಿಕದ ಉತ್ತರಕ್ಕೆ ಕಾಯುವವರ ಕಷ್ಟವೇ ಬೇರೆ. ಅಲ್ಲಿನ ಕಚೇರಿಗಳು ತೆರೆಯುವುದು ನಮ್ಮ ರಾತ್ರಿಯಲ್ಲಿ. ಚಳಿಗಾಲದಲ್ಲಿ ಅಮೆರಿಕದ ಪೂರ್ವ ತೀರದ ಗಡಿಯಾರ ನಮಗಿಂತ ಹತ್ತೂವರೆ ಗಂಟೆ ಹಿಂದಿರುತ್ತದೆ, ಪಶ್ಚಿಮ ತೀರದ್ದು ಹದಿಮೂರೂವರೆ ಗಂಟೆ. ಬಾಸ್ಟನ್‌ನಲ್ಲಿ ಬೆಳಿಗ್ಗೆ 9 ಎಂದರೆ ಇಲ್ಲಿ ಸಂಜೆ 7.30, ಕ್ಯಾಲಿಫೋರ್ನಿಯಾದಲ್ಲಿ ಸಂಜೆ 5 ಎಂದರೆ ಇಲ್ಲಿ ಮರುದಿನ ಬೆಳಿಗ್ಗೆ 6.30. ಮಾರ್ಚ್‌ನ ಎರಡನೇ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಆಮೇಲೆ ಎಲ್ಲವೂ ಒಂದು ಗಂಟೆ ಬೇಗ. ಹೀಗಾಗಿ ಉತ್ತರ ಬರುವ ಸಂಭವವಿರುವ ಹೊತ್ತೆಲ್ಲ ನೀವು ಊಟ ಮಾಡಿ ಮಲಗಬೇಕಾದ ಹೊತ್ತೇ. ಫೋನನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡವರು ಎರಡು ಗಂಟೆಗೆ ಎಚ್ಚರಾದರೆ ಒಮ್ಮೆ, ನಾಲ್ಕಕ್ಕೆ ಎಚ್ಚರಾದರೆ ಇನ್ನೊಮ್ಮೆ ನೋಡುತ್ತಾರೆ. ಏನೂ ಇಲ್ಲದ ಇನ್‌ಬಾಕ್ಸನ್ನು ನಡುರಾತ್ರಿಯಲ್ಲಿ ನೋಡಿದಾಗ ಹುಟ್ಟುವ ಯೋಚನೆಗಳಷ್ಟು ಕರಾಳವಾದವು ಹಗಲಿನಲ್ಲಿ ಹುಟ್ಟುವುದಿಲ್ಲ. ನಿದ್ದೆ ಕೆಟ್ಟ ಮರುದಿನ ತನ್ನ ಬಗೆಗಿನ ಅನುಮಾನ ದುಪ್ಪಟ್ಟಾಗಿರುತ್ತದೆ.

ಇದೇ ಸಮಯ ವ್ಯತ್ಯಾಸವನ್ನು ನಿಮ್ಮ ಅನುಕೂಲಕ್ಕೆ ತಿರುಗಿಸಿಕೊಳ್ಳಬಹುದು. ಬೆಳಿಗ್ಗೆ ಏಳೂವರೆಗೆ ನೀವು ಇಮೇಲ್ ತೆರೆದರೆ ಅಮೆರಿಕದ ಎರಡೂ ತೀರಗಳ ಆ ದಿನದ ಕಚೇರಿ ಕೆಲಸ ಮುಗಿದಿರುತ್ತದೆ. ಬರಬೇಕಾದದ್ದು ಬಂದಿರುತ್ತದೆ; ಬರದಿದ್ದರೆ ಸಂಜೆಯವರೆಗೆ ಬರುವ ಸಂಭವ ತೀರ ಕಡಿಮೆ. ಅಂದರೆ ದಿನಕ್ಕೆ ಒಂದು ಸಲ ನೋಡಿದರೆ ಸಾಕು, ಮತ್ತು ಹಗಲು ಪೂರ್ತಿ ನಿಮ್ಮದು. ಭಾನುವಾರ ಮತ್ತು ಸೋಮವಾರದ ಬೆಳಿಗ್ಗೆ ಅಲ್ಲಿ ವಾರಾಂತ್ಯ ನಡೆಯುತ್ತಿರುತ್ತದೆ. ಆ ಎರಡು ದಿನ ನೋಡದೆ ಇದ್ದರೆ ಏನೂ ತಪ್ಪುವುದಿಲ್ಲ. ಸಂದರ್ಶನದ ಆಹ್ವಾನಕ್ಕೆ ಅರ್ಧ ದಿನ ತಡವಾಗಿ ಉತ್ತರಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನೀವು ಯಾವ ದೇಶದಲ್ಲಿದ್ದೀರಿ ಎಂಬುದು ಅವರಿಗೆ ಗೊತ್ತಿದೆ.

ಮಾಡಬೇಕಾದ್ದು ಇಷ್ಟು. ಇಮೇಲ್ ಆ್ಯಪಿನ ನೋಟಿಫಿಕೇಶನ್ ಆಫ್ ಮಾಡಿ. ರಾತ್ರಿ ಫೋನನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ; ಎಬ್ಬಿಸಲು ಅಲಾರಾಂ ಗಡಿಯಾರ ತನ್ನಿ. ಬೆಳಿಗ್ಗೆ ಹಲ್ಲುಜ್ಜಿ, ಕಾಫಿ ಕುಡಿದ ಮೇಲೆ ಇನ್‌ಬಾಕ್ಸ್ ಮತ್ತು ಸ್ಪ್ಯಾಮ್ ಎರಡನ್ನೂ ನೋಡಿ ಮುಚ್ಚಿ. ವಿಶ್ವವಿದ್ಯಾಲಯದ ಪೋರ್ಟಲ್‌ಗೆ ದಿನವೂ ಲಾಗಿನ್ ಆಗಬೇಕಿಲ್ಲ, ತೀರ್ಮಾನ ಅಲ್ಲಿ ಪ್ರಕಟವಾದರೆ ಸಾಮಾನ್ಯವಾಗಿ ಇಮೇಲ್ ಬರುತ್ತದೆ. ಕೆಂಪು ಗಡುವು ದಾಟಿದ ವಿಭಾಗಗಳ ಪೋರ್ಟಲ್‌ಗಳನ್ನು ಮಾತ್ರ ವಾರಕ್ಕೊಮ್ಮೆ ನೋಡಿ.

ಹೆಜ್ಜೆ 5: ಅರ್ಜಿ ಹಾಕಿದವರ ಟೆಲಿಗ್ರಾಂ ಗುಂಪುಗಳಿಂದ ಏಪ್ರಿಲ್‌ವರೆಗೆ ಹೊರಗಿರಿ

ಪ್ರವೇಶ ಸಿಕ್ಕವರು ಗುಂಪಿನಲ್ಲಿ ಬರೆಯುತ್ತಾರೆ, ಸಿಗದವರು ಹೆಚ್ಚಾಗಿ ಸುಮ್ಮನಿರುತ್ತಾರೆ. ಆದ್ದರಿಂದ ಅಲ್ಲಿ ಕಾಣುವ ಚಿತ್ರ ಎಂದೂ ಪೂರ್ಣವಲ್ಲ. ಒಂದೇ ವಿಭಾಗದಲ್ಲಿ ಒಬ್ಬರಿಗೆ ಬಂದು ನಿಮಗೆ ಬಾರದಿದ್ದರೂ ಅದರಿಂದ ತಿಳಿಯುವುದು ಕಡಿಮೆ. ಮೊದಲ ಸುತ್ತಿನಲ್ಲಿ ಕರೆದವರಲ್ಲಿ ಕೆಲವರು ಬೇರೆಡೆ ಹೋದ ಮೇಲೆ ಎರಡನೇ ಸುತ್ತು ನಡೆಯುವುದು ವಾಡಿಕೆ. ನಿಮಗೆ ನಂಬಿಕೆಯಿರುವ, ನಿಮ್ಮಂತೆಯೇ ಕಾಯುತ್ತಿರುವ ಒಬ್ಬ ಗೆಳೆಯನ ಜೊತೆ ವಾರಕ್ಕೊಮ್ಮೆ ಮಾತಾಡಿದರೆ ಸಾಕು.

ಹೆಜ್ಜೆ 6: ಮನೆಯವರಿಗೂ ನೆಂಟರಿಗೂ ಏನು ಹೇಳುವುದೆಂದು ಮೊದಲೇ ತೀರ್ಮಾನಿಸಿ

ನಮ್ಮ ಕಡೆ ಅಮೆರಿಕಕ್ಕೆ ಅರ್ಜಿ ಹಾಕಿದ ಸುದ್ದಿ ಅರ್ಜಿಗಿಂತ ವೇಗವಾಗಿ ಹೋಗುತ್ತದೆ. ಸಂಕ್ರಾಂತಿಗೆ ಎಳ್ಳು ಬೀರಲು ಬಂದವರು ಕೇಳುತ್ತಾರೆ, ಯುಗಾದಿಗೆ ಬಂದವರು ಕೇಳುತ್ತಾರೆ, ನಡುವೆ ಒಂದು ಮದುವೆಯಿದ್ದರೆ ಊಟದ ಪಂಕ್ತಿಯಲ್ಲಿ ಎಲ್ಲರೂ ಕೇಳುತ್ತಾರೆ: "ಏನಾಯ್ತಪ್ಪ ನಿಂದು? ಎಲ್ಲಿಗೆ ಬಂತು?" ಕೇಳುವವರಲ್ಲಿ ಅಕ್ಕರೆಯಿದೆ. ಆದರೆ ಪ್ರತಿ ಸಲವೂ "ಇನ್ನೂ ಇಲ್ಲ" ಎನ್ನುವಾಗ, ಆ ಮಾತು ನಿಮ್ಮ ಕಿವಿಗೇ ಸೋಲಿನ ಒಪ್ಪಿಗೆಯಂತೆ ಕೇಳಿಸತೊಡಗುತ್ತದೆ. ಇದಕ್ಕೆ ಒಂದು ಸಿದ್ಧ ಉತ್ತರವಿರಲಿ: "ಉತ್ತರ ಬರೋದು ಏಪ್ರಿಲ್ ಮಧ್ಯದವರೆಗೂ ಇದೆ ಅತ್ತೆ, ಬಂದ ದಿನ ನಾನೇ ಫೋನ್ ಮಾಡ್ತೀನಿ." ಇದು ಸತ್ಯವೂ ಹೌದು, ಮುಂದಿನ ಪ್ರಶ್ನೆಗೆ ತಡೆಯೂ ಹೌದು.

ತಂದೆ ತಾಯಿಯ ಜೊತೆಗಿನ ಮಾತು ಇದಕ್ಕಿಂತ ಸೂಕ್ಷ್ಮವಾದದ್ದು. ಒಂದೊಂದು ಅರ್ಜಿಗೂ ಸಾವಿರಾರು ರೂಪಾಯಿ ಶುಲ್ಕ, ಜೊತೆಗೆ ಇಂಗ್ಲಿಷ್ ಪರೀಕ್ಷೆ ಟೋಫೆಲ್, ಪ್ರವೇಶ ಪರೀಕ್ಷೆ ಜಿಆರ್‌ಇ ಇವುಗಳ ಖರ್ಚು. ಈ ಹಣ ಅಪ್ಪನ ಪಿಎಫ್‌ನಿಂದಲೋ ಅಡಿಕೆ ಮಾರಿದ್ದರಿಂದಲೋ ಬಂದಿದ್ದರೆ, "ಅಷ್ಟು ದುಡ್ಡು ದಂಡ ಮಾಡಿಸಿದೆನೇ" ಎಂಬ ತಪ್ಪಿತಸ್ಥ ಭಾವ ಅಳುಕಿನೊಳಗೆ ಸೇರಿಕೊಳ್ಳುತ್ತದೆ. ಅದನ್ನು ಒಳಗೇ ಇಟ್ಟುಕೊಳ್ಳಬೇಡಿ. ಒಂದು ಭಾನುವಾರ ಮೊದಲ ಹೆಜ್ಜೆಯ ಹಾಳೆಯನ್ನು ಅಪ್ಪ ಅಮ್ಮನ ಮುಂದಿಟ್ಟು, ಯಾವ ಉತ್ತರ ಯಾವಾಗ ಬರಬಹುದು, ಎಲ್ಲ ಕಡೆ ಆಗದಿದ್ದರೆ ನೀವು ಏನು ಮಾಡಬೇಕೆಂದಿದ್ದೀರಿ ಎಂಬುದನ್ನು ವಿವರಿಸಿ. ಮಕ್ಕಳ ಮೌನದಿಂದ ಹೆತ್ತವರಿಗಾಗುವ ಆತಂಕ ಬಹುಮಟ್ಟಿಗೆ ಈ ಒಂದು ಮಾತುಕತೆಯಿಂದ ಇಳಿಯುತ್ತದೆ. ಬೆಳಗಿನ ಇಮೇಲ್ ನಿಯಮವನ್ನೂ ಆಗಲೇ ಹೇಳಿ, "ದಿನಾ ಕೇಳಬೇಡಿ, ಏನಾದರೂ ಇದ್ದರೆ ತಿಂಡಿಯ ಹೊತ್ತಿಗೆ ನಾನೇ ಹೇಳುತ್ತೇನೆ" ಎಂದು ಒಪ್ಪಂದ ಮಾಡಿಕೊಳ್ಳಿ.

ಹೆಜ್ಜೆ 7: ಹೊತ್ತು ಹೋದದ್ದೇ ತಿಳಿಯದಂಥ ಕೆಲಸವೊಂದನ್ನು ಹಿಡಿಯಿರಿ

ಕಾಯುವಿಕೆಯನ್ನೇ ಅಧ್ಯಯನ ಮಾಡಿದವರಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಶಾಖೆಯ ಮನಶ್ಶಾಸ್ತ್ರಜ್ಞೆ ಕೇಟ್ ಸ್ವೀನಿ ಮತ್ತು ಅವರ ತಂಡ, ವಕೀಲಿ ಪರೀಕ್ಷೆ ಬರೆದು ನಾಲ್ಕು ತಿಂಗಳು ಫಲಿತಾಂಶಕ್ಕೆ ಕಾಯುತ್ತಿದ್ದ ಕಾನೂನು ಪದವೀಧರರನ್ನು ಆ ಅವಧಿಯುದ್ದಕ್ಕೂ ಗಮನಿಸಿ 2016ರಲ್ಲಿ ವರದಿ ಪ್ರಕಟಿಸಿತು. ಆತಂಕವನ್ನು ಅದುಮಲು, ಆಶಾವಾದಿಯಾಗಿರಲು, ಕೆಟ್ಟದ್ದಕ್ಕೆ ಸಿದ್ಧರಾಗಲು ಅವರು ಮಾಡಿದ ಪ್ರಯತ್ನಗಳು ಕಾಯುವ ಕಷ್ಟವನ್ನು ಹೆಚ್ಚೇನೂ ತಗ್ಗಿಸಲಿಲ್ಲ. ಇನ್ನೊಂದು ಸಂಗತಿ ನನಗೆ ಇನ್ನೂ ಮುಖ್ಯವೆನಿಸುತ್ತದೆ: ಆತಂಕ, ನಿರಾಶೆಗಳಲ್ಲಿ ಒದ್ದಾಡುತ್ತ ಕಾದವರು ಫಲಿತಾಂಶ ಬಂದಾಗ ಕೆಟ್ಟ ಸುದ್ದಿಯನ್ನು ಹೆಚ್ಚು ಸಮರ್ಥವಾಗಿ ಎದುರಿಸಿದರು, ಒಳ್ಳೆಯ ಸುದ್ದಿಗೆ ಹೆಚ್ಚು ಸಂತೋಷಪಟ್ಟರು. ನೀವು ಚೆನ್ನಾಗಿ ಕಾಯುತ್ತಿಲ್ಲ, ನಿಮ್ಮ ಮನಸ್ಸು ದುರ್ಬಲ ಎಂಬ ಇನ್ನೊಂದು ಅನುಮಾನವನ್ನು ಮೊದಲಿನದರ ಮೇಲೆ ಹೇರಿಕೊಳ್ಳಬೇಕಾಗಿಲ್ಲ. ಈ ಸ್ಥಿತಿಯಲ್ಲಿ ಒದ್ದಾಟ ಸಹಜ.

ಅದೇ ತಂಡದ ಮುಂದಿನ ಅಧ್ಯಯನಗಳಲ್ಲಿ ನೆರವಾದದ್ದು, ಮೈಮರೆತು ತೊಡಗಿಕೊಳ್ಳುವ ಕೆಲಸ. ಟಿವಿ ಸರಣಿ ನೋಡುವುದು ಇದಕ್ಕೆ ಆಗುವುದಿಲ್ಲ. ಕೆಲಸ ಸ್ವಲ್ಪ ಕಷ್ಟದ್ದಾಗಿರಬೇಕು, ಗುರಿ ಸ್ಪಷ್ಟವಿರಬೇಕು, ಮಾಡಿದ ಹಾಗೆಲ್ಲ ಎಷ್ಟು ಮುಂದೆ ಹೋದೆವೆಂಬುದು ಕಾಣುತ್ತಿರಬೇಕು. ಹೊಸ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಿಮ್ಮ ಹಳೆಯ ಪ್ರಾಜೆಕ್ಟನ್ನು ಮತ್ತೆ ಬರೆಯುವುದು, ನಿಂತುಹೋಗಿದ್ದ ವೀಣೆ ಪಾಠದಲ್ಲಿ ಒಂದು ವರ್ಣವನ್ನು ಎರಡು ಕಾಲದಲ್ಲಿ ಸಾಧಿಸುವುದು, ತೋಟದಲ್ಲಿ ಹನಿ ನೀರಾವರಿಯ ಪೈಪು ಜೋಡಿಸುವುದು, ಶಟಲ್ ಪಂದ್ಯಕ್ಕೆ ಅಭ್ಯಾಸ ಮಾಡುವುದು ಎಲ್ಲವೂ ಸರಿ. ಒಂದು ಎಚ್ಚರಿಕೆ: ಪ್ರವೇಶಕ್ಕೆ ಸಂಬಂಧಿಸಿದ ಕೆಲಸವನ್ನು ಇದಕ್ಕೆ ಆರಿಸಬೇಡಿ. ಆ ಪ್ರಾಧ್ಯಾಪಕರ ಪ್ರಬಂಧಗಳನ್ನು ಓದುತ್ತ ಕುಳಿತರೆ ಪುಟಕ್ಕೊಂದು ಸಲ "ಇದು ನನಗೆ ಅರ್ಥವಾಗುತ್ತಿಲ್ಲವಲ್ಲ" ಎಂಬ ಅಳುಕೇ ಎದ್ದು ಬರುತ್ತದೆ. ಅವನ್ನು ಓದುವುದು ಸಂದರ್ಶನದ ತಯಾರಿಗೆ ಇರಲಿ.

ಹೆಜ್ಜೆ 8: ಮೊದಲ ನಿರಾಕರಣೆ ಬರುವ ದಿನಕ್ಕೆ ಸಿದ್ಧರಾಗಿ

ಅದು ಬರುತ್ತದೆ. ಹತ್ತು ಕಡೆ ಅರ್ಜಿ ಹಾಕಿದವರಿಗೆ ಒಂದೂ ನಿರಾಕರಣೆ ಬಾರದಿರುವುದು ಅಪರೂಪ. ಪತ್ರದಲ್ಲಿ ಅರ್ಹ ಅಭ್ಯರ್ಥಿಗಳು ಬಹಳ ಮಂದಿ ಇದ್ದರು ಎಂಬ ಒಂದು ವಾಕ್ಯ ಇದ್ದೇ ಇರುತ್ತದೆ. ಅದನ್ನು ಓದಿ ಕಾರಣ ಹುಡುಕಲು ಹೋಗಬೇಡಿ; ಎಲ್ಲರಿಗೂ ಹೋಗುವುದು ಅದೇ ಪತ್ರ. ಆ ದಿನ ಮಾಡಬೇಕಾದ ಕೆಲಸಗಳನ್ನು ಈಗಲೇ ಬರೆದಿಡಿ: ಹಾಳೆಯಲ್ಲಿ ಆ ಹೆಸರಿನ ಮುಂದೆ ಗುರುತು ಹಾಕುವುದು, ಒಬ್ಬ ಗೆಳತಿಗೋ ಅಣ್ಣನಿಗೋ ಫೋನ್ ಮಾಡುವುದು, ಹೊರಗೆ ಒಂದು ಗಂಟೆ ನಡೆಯುವುದು, ಉಳಿದ ಅರ್ಜಿಗಳ ಬಗ್ಗೆ ಅವತ್ತು ಯಾವ ಭವಿಷ್ಯವನ್ನೂ ನುಡಿಯದಿರುವುದು. ಒಂದೊಂದು ಸಮಿತಿಯೂ ಬೇರೆ ಬೇರೆ. ಒಂದರ ಉತ್ತರ ಇನ್ನೊಂದಕ್ಕೆ ಗೊತ್ತೂ ಇರುವುದಿಲ್ಲ.

ನಿರಾಕರಣೆಯ ನೋವು ಇನ್ನು ಬಿಡುವುದೇ ಇಲ್ಲ ಎಂದು ಆ ದಿನ ಅನ್ನಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಗಿಲ್ಬರ್ಟ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲೊಂದು, ಕಾಯಂ ಹುದ್ದೆಯ ತೀರ್ಮಾನವನ್ನು ಎದುರಿಸುವ ಸಹಾಯಕ ಪ್ರಾಧ್ಯಾಪಕರದ್ದು. ಹುದ್ದೆ ಸಿಗದಿದ್ದರೆ ವರ್ಷಗಟ್ಟಲೆ ದುಃಖದಲ್ಲಿರುತ್ತೇವೆ ಎಂದು ಅವರು ಅಂದಾಜಿಸಿದ್ದರು. ನಿಜವಾಗಿ ಹುದ್ದೆ ಸಿಗದವರು ಅಷ್ಟು ದುಃಖದಲ್ಲಿರಲಿಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಯೊಹಾನೆಸ್ ಹೌಶೋಫರ್ 2016ರಲ್ಲಿ ತಮ್ಮ ಸೋಲುಗಳ ಪಟ್ಟಿಯನ್ನು ಬಯೊಡೇಟಾದ ರೂಪದಲ್ಲಿ ಪ್ರಕಟಿಸಿದಾಗ, ಅದರ ಮೊದಲ ವಿಭಾಗವೇ ತಮಗೆ ಪ್ರವೇಶ ಸಿಗದ ಪದವಿ ಕಾರ್ಯಕ್ರಮಗಳದಾಗಿತ್ತು.

ವೇಟಿಂಗ್ ಲಿಸ್ಟಿನಲ್ಲಿ ಹೆಸರಿದ್ದರೆ ಸಂಯೋಜಕರಿಗೆ ಒಂದೇ ಪತ್ರ ಬರೆಯಿರಿ: ಆಸಕ್ತಿ ಇದೆ, ಸೀಟು ಸಿಕ್ಕರೆ ಸೇರುತ್ತೇನೆ (ನಿಜವಾಗಿದ್ದರೆ ಮಾತ್ರ), ಡಿಸೆಂಬರ್‌ನ ನಂತರ ಪ್ರಬಂಧ ಸ್ವೀಕೃತವಾದಂಥ ಹೊಸ ಬೆಳವಣಿಗೆ ಇದ್ದರೆ ಅದೂ. ಆಮೇಲೆ ಸುಮ್ಮನಿರಿ.

ಹೆಜ್ಜೆ 9: ಇನ್ನೊಂದು ದಾರಿಯನ್ನು ದಿನಾಂಕದೊಂದಿಗೆ ಸಿದ್ಧವಿಟ್ಟುಕೊಳ್ಳಿ

ಬದಲಿ ಯೋಜನೆ ಮಾಡಿಕೊಂಡರೆ ಅಪಶಕುನ ಎಂಬ ಭಾವನೆ ಅನೇಕರಲ್ಲಿದೆ. ನನ್ನ ಅನುಭವದಲ್ಲಿ, ಏನೂ ಆಗದಿದ್ದರೆ ಜುಲೈನಲ್ಲಿ ನಾನು ಎಲ್ಲಿರುತ್ತೇನೆ ಎಂಬ ಪ್ರಶ್ನೆಗೆ ಉತ್ತರವಿಲ್ಲದಿರುವುದೇ ಅಳುಕಿನ ದೊಡ್ಡ ಪಾಲು. ಫೆಬ್ರವರಿಯಲ್ಲಿ ಗೇಟ್ (ಐಐಟಿಗಳಂಥ ಸಂಸ್ಥೆಗಳ ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಬರೆದವರಿಗೆ ಮಾರ್ಚ್‌ನಲ್ಲಿ ಫಲಿತಾಂಶ ಬರುತ್ತದೆ, ಆ ಅಂಕ ಮೂರು ವರ್ಷ ಊರ್ಜಿತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮತ್ತು ಐಐಟಿಗಳ ಪ್ರವೇಶ ಪ್ರಕ್ರಿಯೆ ಮುಗಿಯುವುದು ಅಮೆರಿಕದ ಉತ್ತರಗಳು ಬಂದ ನಂತರ. ಪ್ರಯೋಗಾಲಯಗಳಲ್ಲಿ ಪ್ರಾಜೆಕ್ಟ್ ಸಹಾಯಕರ ಹುದ್ದೆಗೆ ವರ್ಷವಿಡೀ ಜಾಹೀರಾತು ಬರುತ್ತಿರುತ್ತದೆ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕುವುದಾದರೆ ಜಿಆರ್‌ಇ ಅಂಕ ಐದು ವರ್ಷ, ಟೋಫೆಲ್ ಅಂಕ ಎರಡು ವರ್ಷ ನಡೆಯುತ್ತದೆ. ಇವುಗಳಲ್ಲಿ ನಿಮಗೆ ಹೊಂದುವುದನ್ನು ಆರಿಸಿ, "ಏಪ್ರಿಲ್ 20ರೊಳಗೆ ಎಲ್ಲಿಯೂ ಆಗದಿದ್ದರೆ ಇಂಥದ್ದಕ್ಕೆ ಅರ್ಜಿ" ಎಂದು ಹಾಳೆಯ ಕೆಳಗೆ ಬರೆಯಿರಿ. ಪ್ರವೇಶ ಸಿಕ್ಕರೆ ಹಣಕ್ಕೆ ಏನು ಎಂಬುದನ್ನೂ ಈಗಲೇ ನೋಡಿ. 1892ರಲ್ಲಿ ಸ್ಥಾಪನೆಯಾದ ಜೆ.ಎನ್. ಟಾಟಾ ದತ್ತಿಯ ಸಾಲ ವಿದ್ಯಾರ್ಥಿವೇತನಕ್ಕೂ ಬ್ಯಾಂಕ್ ಸಾಲಕ್ಕೂ ಕಾಗದಪತ್ರ ಹೊಂದಿಸುವ ಕೆಲಸ ಕಾಯುವ ದಿನಗಳಿಗೆ ಹೇಳಿ ಮಾಡಿಸಿದ್ದು.

ಹೆಜ್ಜೆ 10: ಅಳುಕು ಮಿತಿ ಮೀರಿದ್ದನ್ನು ಗುರುತಿಸಿ

ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ, ಹಸಿವು ಕೆಟ್ಟಿದ್ದರೆ, ಪರೀಕ್ಷೆಗೆ ಓದಲು ಕೂರಲಾಗದಿದ್ದರೆ, ಗೆಳೆಯರ ಫೋನನ್ನೂ ಎತ್ತಲು ಮನಸ್ಸಾಗದಿದ್ದರೆ, ಬದುಕೇ ಬೇಡ ಎಂಬ ಯೋಚನೆ ಒಂದು ಸಲವಾದರೂ ಬಂದಿದ್ದರೆ, ಇದು ಕಾಲಮ್ ಎಳೆದು ಬರೆಯುವುದರಿಂದ ಬಗೆಹರಿಯುವ ಮಾತಲ್ಲ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಗೆ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆಯ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಬದುಕು ಬೇಡವೆಂಬ ಯೋಚನೆ ಬಂದಿದ್ದರೆ ಇವತ್ತೇ ಕರೆ ಮಾಡಿ, ಮನೆಯಲ್ಲಿ ಒಬ್ಬರಿಗೆ ಹೇಳಿ. ಕಾಲೇಜಿನಲ್ಲಿ ಆಪ್ತಸಮಾಲೋಚಕರಿದ್ದರೆ ಅವರನ್ನು ಕಾಣಿ, ಇಲ್ಲವೇ ನಿಮ್ಮ ಅಧ್ಯಾಪಕರಲ್ಲಿ ಒಬ್ಬರಿಗೆ ತಿಳಿಸಿ. ಹೀಗೆ ಬಂದು ಹೇಳಿದ ವಿದ್ಯಾರ್ಥಿಯ ಬಗ್ಗೆ ನಮಗೆ ಗೌರವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಹೆಜ್ಜೆ 11: ಪ್ರವೇಶ ಸಿಕ್ಕ ಮೇಲಿನ ಅನುಮಾನಕ್ಕೂ ತಯಾರಿರಿ

"ತಪ್ಪಿ ನನ್ನನ್ನು ಆರಿಸಿದ್ದಾರೆ, ಹೋದ ಮೇಲೆ ಗೊತ್ತಾಗಿಬಿಡುತ್ತದೆ" ಎಂಬ ಭಾವನೆ ಒಪ್ಪಿಗೆ ಪತ್ರ ಬಂದ ವಾರದಲ್ಲಿಯೇ ತಲೆಹಾಕಬಹುದು. ಪೌಲೀನ್ ಕ್ಲ್ಯಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಮನಶ್ಶಾಸ್ತ್ರಜ್ಞೆಯರು 1978ರಲ್ಲಿಯೇ ಇದನ್ನು ವಿವರಿಸಿದ್ದಾರೆ. ಅವರು ಇದನ್ನು ಗುರುತಿಸಿದ್ದು ಪಿಎಚ್‌.ಡಿ. ಪಡೆದವರೂ ಸೇರಿದಂತೆ ದೊಡ್ಡ ಸಾಧನೆ ಮಾಡಿದ್ದ ಮಹಿಳೆಯರಲ್ಲಿ. ಇದಕ್ಕೂ ಮೂರನೇ ಹೆಜ್ಜೆಯ ಎರಡು ಕಾಲಮ್‌ಗಳೇ ಮದ್ದು. ಎಡಗಡೆ ಬರೆಯಲು 'ಸಮಿತಿ ನನ್ನ ಅರ್ಜಿಯನ್ನು ಓದಿ ನನ್ನನ್ನು ಕರೆದಿದೆ' ಎಂಬ ಗಟ್ಟಿ ಸಂಗತಿ ಈಗ ನಿಮ್ಮಲ್ಲಿದೆ.

ಈ ಅನುಮಾನದಲ್ಲಿರುವಾಗ ಆತುರದ ತೀರ್ಮಾನ ಮಾಡಬೇಡಿ. ಧನಸಹಾಯದ ಜೊತೆಗೆ ಬಂದ ಪ್ರವೇಶಕ್ಕೆ ಏಪ್ರಿಲ್ 15ಕ್ಕೂ ಮುಂಚೆ ಉತ್ತರಿಸುವಂತೆ ವಿದ್ಯಾರ್ಥಿಯನ್ನು ಒತ್ತಾಯಿಸಬಾರದು ಎಂಬ ನಿರ್ಣಯಕ್ಕೆ ಅಮೆರಿಕದ ಸ್ನಾತಕೋತ್ತರ ಶಾಲೆಗಳ ಮಂಡಳಿಯ (ಕೌನ್ಸಿಲ್ ಆಫ್ ಗ್ರ್ಯಾಜುಯೇಟ್ ಸ್ಕೂಲ್ಸ್) ಬಹಳಷ್ಟು ಸದಸ್ಯ ವಿಶ್ವವಿದ್ಯಾಲಯಗಳು ಸಹಿ ಹಾಕಿವೆ. ನಿಮ್ಮದು ಆ ಪಟ್ಟಿಯಲ್ಲಿದೆಯೇ ನೋಡಿಕೊಂಡು, ಇದ್ದರೆ ಆ ದಿನದವರೆಗಿನ ಕಾಲವನ್ನು ಅಲ್ಲಿನ ಈಗಿನ ವಿದ್ಯಾರ್ಥಿಗಳೊಡನೆ ಮಾತಾಡಲು ಬಳಸಿಕೊಳ್ಳಿ. ಹೋಗುವುದಿಲ್ಲ ಎಂದು ಖಚಿತವಾದ ಕಡೆಗೆ ಮಾತ್ರ ಏಪ್ರಿಲ್ 15ರವರೆಗೆ ಕಾಯಬೇಡಿ. ಅವತ್ತೇ ಸಂಯೋಜಕರಿಗೆ ಧನ್ಯವಾದದೊಂದಿಗೆ ಎರಡು ಸಾಲು ಬರೆದು ಬಿಟ್ಟುಕೊಡಿ. ಆ ಸೀಟು ವೇಟಿಂಗ್ ಲಿಸ್ಟಿನಲ್ಲಿರುವ ಇನ್ನೊಬ್ಬರಿಗೆ ಅಷ್ಟು ಬೇಗ ಹೋಗುತ್ತದೆ.